ಮಳೆ ಹಿಡಿದರೆ ಕಿವಿಯೊಳಗೆ ತುರಿಕೆ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ನನಗೆ 44 ವರ್ಷ. ಜುಲೈ ಬಂತೆಂದರೆ ಬಲಗಿವಿಯಲ್ಲಿ ತಡೆಯಲಾರದ ತುರಿಕೆ. ಈ ಸಲ ಕಿವಿ ಕಟ್ಟಿಕೊಂಡಿದೆ, ಫೋನನ್ನು ಎಡಗಿವಿಗೇ ಹಿಡಿಯಬೇಕು. ಅತ್ತೆ ಹೇಳಿದರೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟೆ. ಹೋದ ವರ್ಷ ಮಗನಿಗೆ ಕಿವಿ ಸೋರಿದಾಗ ತಂದ ಆಂಟಿಬಯೋಟಿಕ್ ಡ್ರಾಪ್ಸ್ ಉಳಿದಿತ್ತು, ಅದನ್ನೂ ಎರಡು ವಾರ ಹಾಕಿದೆ. ಜಾಸ್ತಿಯೇ ಆಯಿತು. ಬಡ್ಸ್‌ಗೆ ಬೂದು ಬಣ್ಣದ, ಕಪ್ಪು ಚುಕ್ಕಿಯ ಏನೋ ಅಂಟಿಕೊಂಡು ಬರುತ್ತದೆ. ಕ್ಯಾನ್ಸರ್ ಇರಬಹುದಾ?

ಉತ್ತರ: ಅಷ್ಟು ದೂರ ಹೋಗಬೇಡಿ. ನೀವು ಬರೆದಿರುವುದು ಫಂಗಸ್‌ನ ಲಕ್ಷಣ. ಈರುಳ್ಳಿ ಸಿಪ್ಪೆ ಬಿಡಿಸುವಾಗ ಕೈಗೆ ಕಪ್ಪು ಪುಡಿ ಹತ್ತುತ್ತದಲ್ವಾ, ಆಸ್ಪರ್‌ಜಿಲ್ಲಸ್ ನೈಗರ್ ಎಂಬ ಆ ಬೂಷ್ಟೇ ಕಿವಿಯಲ್ಲೂ ಬೆಳೆಯುತ್ತದೆ. ಮೊಸರಿನ ಗಟ್ಟಿಯಂತೆ ಬೆಳ್ಳಗಿದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ, ಇನ್ನೊಂದು ಫಂಗಸ್.

ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕಿವಿ ಬೆಚ್ಚಗೆ, ಕತ್ತಲೆಯಾಗಿ ಇರುತ್ತದೆ, ತೇವ ಸೇರಿದರೆ ಮುಗಿಯಿತು. ಕಿವಿಯ ಗುಗ್ಗೆ ಕೊಳಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ನೀರು ನಿಲ್ಲದಂತೆ, ಬೂಷ್ಟು ಹಿಡಿಯದಂತೆ ಕಾಯುವುದೇ ಅದು. ಬಡ್ಸ್, ಪಿನ್ನು, ಸ್ಕೂಟರ್ ಕೀ ಹಾಕಿ ಕೆರೆದರೆ ಗುಗ್ಗೆಯೂ ಹೋಗುತ್ತದೆ, ಚರ್ಮವೂ ಗೀರುತ್ತದೆ. ಎಣ್ಣೆ ಒಳಗಿನ ತೇವ ಆರಲು ಬಿಡುವುದಿಲ್ಲ, ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ಮಗನ ಡ್ರಾಪ್ಸ್ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು, ಫಂಗಸ್‌ಗೆ ಅದು ಪೈಪೋಟಿ ಇಲ್ಲದ ಖಾಲಿ ಜಾಗ ಮಾಡಿಕೊಟ್ಟಂತೆ ಆಯಿತು, ಜೊತೆಗೆ ಸ್ಟೀರಾಯ್ಡ್ ಇದ್ದರಂತೂ ಇನ್ನೂ ಸಲೀಸು.

ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ. ಮೊದಲು ಕಿವಿಯ ತಮಟೆಯಲ್ಲಿ ತೂತಿದೆಯೇ ಎಂದು ನೋಡುತ್ತಾರೆ, ಆಮೇಲೆ ಸಣ್ಣ ನಳಿಕೆಯಿಂದ ಆ ಬೂಷ್ಟನ್ನೆಲ್ಲ ಹೀರಿ ತೆಗೆಯುತ್ತಾರೆ. ಅರ್ಧ ಚಿಕಿತ್ಸೆ ಇದೇ. ಬೂಷ್ಟು ಹಾಗೇ ಇದ್ದರೆ ಎಂಥ ಡ್ರಾಪ್ಸ್ ಹಾಕಿದರೂ ಟಾರ್ಪಾಲಿನ ಮೇಲೆ ಮಳೆ ಬಿದ್ದ ಹಾಗೆ. ಆಮೇಲೆ ಸಾಮಾನ್ಯವಾಗಿ ಕ್ಲೋಟ್ರಿಮಝೋಲ್ ಡ್ರಾಪ್ಸ್, ಸುಮಾರು ಎರಡು ವಾರ. ನಾಲ್ಕನೇ ದಿನಕ್ಕೆ ತುರಿಕೆ ನಿಂತಿತು ಅಂತ ಬಾಟಲಿ ಮೂಲೆಗಿಟ್ಟು, ತಿಂಗಳಲ್ಲಿ ಮತ್ತೆ ಬರುವವರೇ ಜಾಸ್ತಿ. ಕೆಲವರಿಗೆ ಎರಡು-ಮೂರು ಸಲ ಕ್ಲೀನ್ ಮಾಡಬೇಕಾಗುತ್ತದೆ.

ಅಲ್ಲಿಯವರೆಗೆ ತಲೆಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲಿನ್ ಸವರಿ ಕಿವಿಗೆ ಇಡಿ, ಸ್ನಾನ ಮುಗಿದೊಡನೆ ತೆಗೆಯಿರಿ. ತೋಟದಲ್ಲಿ ಕೊಪ್ಪೆಯೊಳಗೆ ಕಟ್ಟಿಕೊಳ್ಳುವ ಟವೆಲ್ ಒದ್ದೆಯಾದರೆ ಬದಲಿಸಿ. ಇಯರ್‌ಫೋನ್ ಬೇಡ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಧಾರಾಳವಾಗಿ ತಿನ್ನಿ, ಕಿವಿಗೆ ಮಾತ್ರ ಯಾವ ಸೊಪ್ಪಿನ ರಸವೂ ಬೇಡ.

ಪ್ರತಿ ವರ್ಷ ಬರುತ್ತಿದೆಯೆಂದರೆ ಶುಗರ್ ಒಮ್ಮೆ ನೋಡಿಸಿ. ಶುಗರ್ ಇರುವವರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು ಬಂದರೆ, ಅಥವಾ ಬಾಯಿ ಒಂದು ಕಡೆ ವಾಲಿದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಗನ ಆ ಹಳೇ ಬಾಟಲಿ ಎಸೆದುಬಿಡಿ, ಮುಚ್ಚಳ ತೆರೆದು ವರ್ಷವಾದದ್ದು ಅದು.