ವಾಹನ ಪ್ರಶ್ನೋತ್ತರ: ಕಪ್ಪು ಹೊಗೆಗೆ ಬೋರಿಂಗ್ ಮದ್ದಲ್ಲ

ಪ್ರಶ್ನೆ: ನನ್ನದು 2012ರ ಬಿಎಸ್-3 (ಮಾಲಿನ್ಯ ಮಾನದಂಡದ ಹಂತ) ಡೀಸೆಲ್ ಪಿಕಪ್, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಡಿಐ, ಅಂದರೆ ಡೀಸೆಲ್ ನೇರ ಸಿಲಿಂಡರ್‌ಗೆ ಸಿಂಪಡಿಸುವ ಎಂಜಿನ್. 2.8 ಲಕ್ಷ ಕಿ.ಮೀ. ಓಡಿದೆ. ಹೊಗೆ ಪರೀಕ್ಷೆಯಲ್ಲಿ ಹೊಗೆಯ ದಟ್ಟಣೆ 3.6 ಬಂದು ಫೇಲಾಯಿತು. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ. ಆಯಿಲ್ ಕುಡಿಯುವುದಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ, ವ್ಯತ್ಯಾಸವಿಲ್ಲ. ಮೆಕ್ಯಾನಿಕ್ ಬೋರ್ ಮಾಡಿಸಿ ಅನ್ನುತ್ತಾರೆ.
— ಓದುಗರು, ಶ್ರೀನಿವಾಸಪುರ

ಉತ್ತರ: ದಯವಿಟ್ಟು ಈಗಲೇ ಎಂಜಿನ್ ಬಿಚ್ಚಿಸಬೇಡಿ. ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ, ಸವೆದಿದ್ದರೆ ಹೊಗೆ ನೀಲಿಯಾಗಿರುತ್ತದೆ, ಆಯಿಲ್ ಇಳಿಯುತ್ತದೆ, ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಬುಸ್ಸೆಂದು ಹೊಗೆ ಬರುತ್ತದೆ. ನೀವು ಹೇಳುವ ಕಪ್ಪು ಹೊಗೆ ಪೂರ್ತಿ ಉರಿಯದ ಡೀಸೆಲ್‌ನ ಮಸಿ. ಅಂದರೆ ಗಾಳಿ ಕಡಿಮೆಯಾಗಿದೆ, ಇಲ್ಲವೇ ಡೀಸೆಲ್ ಹೆಚ್ಚಾಗಿದೆ ಅಥವಾ ಸರಿಯಾಗಿ ಸಿಂಪಡಣೆಯಾಗುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್‌ಗೆ ಡೀಸೆಲ್ ಸಾಲದೆ ಶಕ್ತಿ ಕುಂದುತ್ತದೆಯೇ ಹೊರತು ಹೊಗೆ ಕಪ್ಪಾಗುವುದಿಲ್ಲ. ಅದನ್ನು ಬದಲಿಸಿದ್ದು ಉಪಯೋಗಕ್ಕೆ ಬಾರದಿದ್ದುದು ಅದಕ್ಕೇ. ಹೊಗೆ ಪರೀಕ್ಷೆಯಲ್ಲಿ ನಿಮ್ಮ ಗಾಡಿಗೆ ಮಿತಿ 2.45. ಬಿಎಸ್-4 ಗಾಡಿಗಾದರೆ 1.62.

ಮೊದಲು ಗಾಳಿಯ ದಾರಿ ನೋಡಿ. ಏರ್ ಫಿಲ್ಟರ್ ಹೊಸದು ಹಾಕಿ. ಒಳಗೆ ಇನ್ನೊಂದು ಸಣ್ಣ ಸೇಫ್ಟಿ ಫಿಲ್ಟರ್ ಇದ್ದರೆ ಅದನ್ನು ಊದಿ ಮತ್ತೆ ಹಾಕುವಂತಿಲ್ಲ, ಬದಲಿಸಲೇಬೇಕು. ಬಳಿಕ ಟರ್ಬೊದಿಂದ ಇನ್‌ಟೇಕ್‌ವರೆಗಿನ ರಬ್ಬರ್ ಹೋಸ್‌ಗಳನ್ನು ಕೈಯಿಂದ ಹಿಂಡಿ ನೋಡಿ. ಕ್ಲಾಂಪ್ ಕೆಳಗೆ ಬಿರುಕಿದ್ದರೆ ಅಲ್ಲಿ ಆಯಿಲ್ ಪಸೆಗೆ ಧೂಳು ಮೆತ್ತಿಕೊಂಡಿರುತ್ತದೆ. ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್‌ಗೇ ಕಳಿಸುವ ಇಜಿಆರ್ ವಾಲ್ವ್ ಇದ್ದು ಮಸಿ ಕಟ್ಟಿ ತೆರೆದೇ ನಿಂತಿದ್ದರೂ ಹೊಗೆ ಕಪ್ಪಾಗುತ್ತದೆ. ಬಿಚ್ಚಿ ತೊಳೆಸಿ. ತಗಡು ಕೊಟ್ಟು ಮುಚ್ಚಿಸಿದರೆ ಕಣ್ಣಿಗೆ ಕಾಣುವ ಹೊಗೆ ತಗ್ಗುತ್ತದೆ, ಕಾಣದ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಆ ಗಾಳಿಯನ್ನು ಉಸಿರಾಡುವವರು ನಾವೇ ತಾನೆ.

ಗಾಳಿ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಡೀಸೆಲ್ ಸಿಂಪಡಿಸುವ ನಾಝಲ್ ನೋಡಿ. ಇಷ್ಟು ಓಡಿದ ಗಾಡಿಯಲ್ಲಿ ನಮ್ಮ ಮೊದಲ ಅನುಮಾನ ಅದರ ಮೇಲೆಯೇ. ನಾಲ್ಕನ್ನೂ ಕಳಚಿ ಡೀಸೆಲ್ ಪಂಪ್ ರಿಪೇರಿಯವರ ಬಳಿ ಟೆಸ್ಟರ್‌ಗೆ ಹಾಕಿಸಿ, ನೀವು ಎದುರಿಗೇ ನಿಂತು ನೋಡಿ. ಪ್ರತಿ ರಂಧ್ರದಿಂದಲೂ ಮಂಜಿನಂತೆ ಸಿಂಪಡಣೆಯಾಗಬೇಕು, ತುದಿಯಲ್ಲಿ ಹನಿ ಕಟ್ಟಬಾರದು. ಸ್ಪ್ರಿಂಗ್ ಸೋತು ತೆರೆಯುವ ಒತ್ತಡ ಇಳಿದಿದ್ದರೆ ಶಿಮ್ (ತೆಳು ಬಿಲ್ಲೆ) ಹಾಕಿ ಎಂಜಿನ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೇ ತರಬೇಕು. ಮರಳಿ ಕೂರಿಸುವಾಗ ಆಗುವ ಒಂದು ತಪ್ಪು ಎಲ್ಲ ಕೆಲಸವನ್ನೂ ಹಾಳುಮಾಡುತ್ತದೆ: ಹಳೆಯ ತಾಮ್ರದ ವಾಷರ್ ಹೆಡ್‌ನ ಗುಂಡಿಯಲ್ಲೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ. ನಾಝಲ್ ಅಷ್ಟು ಮೇಲೆ ಕೂತು, ಡೀಸೆಲ್ ಪಿಸ್ಟನ್ ಬಟ್ಟಲಿನಲ್ಲಿ ಬೀಳಬೇಕಾದ ಜಾಗ ತಪ್ಪಿ, ಹೊಸ ನಾಝಲ್‌ನಲ್ಲೂ ಕಪ್ಪು ಹೊಗೆ! ಗುಂಡಿಗೆ ಟಾರ್ಚ್ ಬಿಟ್ಟು ನೋಡಿ, ನಾಝಲ್‌ಗೆ ಒಂದೇ ವಾಷರ್, ಅದೂ ಮೊದಲಿನಷ್ಟೇ ದಪ್ಪದ್ದು.

ಕೊನೆಗೆ, ನಾಝಲ್‌ಗೆ ಡೀಸೆಲ್ ಒತ್ತುವ ಪಂಪ್. ಲೋಡಿಗೆ ಎಳೆತ ಸಿಗಲೆಂದು ಹಿಂದೆ ಯಾರಾದರೂ ಸೀಲ್ ಒಡೆದು ಡೀಸೆಲ್ ಹೆಚ್ಚಿಸಿದ್ದರೆ ಬೆಂಚ್ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ. ಡೀಸೆಲ್ ಸಿಂಪಡಿಸುವ ಟೈಮಿಂಗ್ ಹಿಂದೆ ಬಿದ್ದಿದ್ದರೂ ಹೊಗೆ ಕಪ್ಪೇ, ಜತೆಗೆ ಎಂಜಿನ್ ಕಾಯುತ್ತದೆ. ಪರೀಕ್ಷೆಗಾಗಿ ಆರ್‌ಪಿಎಂ ಸ್ಕ್ರೂ ಇಳಿಸುವ ಉಪಾಯ ಬೇಡ, ಹೊಗೆಯ ಜತೆ ಆರ್‌ಪಿಎಂ ಕೂಡ ಅಳೆಯುತ್ತಾರೆ.

ಪರೀಕ್ಷೆಯ ದಿನ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ನೇರ ಅಲ್ಲಿಗೇ ಹೋಗಿ. ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಇರಬೇಕು, ಸೈಲೆನ್ಸರ್‌ನಲ್ಲಿ ಕೂತ ಮಸಿಯೂ ದಾರಿಯಲ್ಲೇ ಹಾರಿಹೋಗಬೇಕು. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಹಾಕಿದ್ದರೆ ಮತ್ತೆ ಹಾಕಿಸಿ. ಅದಿಲ್ಲದ ಎಂಜಿನ್ ತಣ್ಣಗೇ ಓಡಿ ಹೊಗೆ ಹೆಚ್ಚು ಬಿಡುತ್ತದೆ.

ಪ್ರಶ್ನೆ: ಡೀಸೆಲ್‌ಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಹೊಗೆ ಪರೀಕ್ಷೆ ಪಾಸಾಗುತ್ತದಂತೆ, ನಿಜವೇ?
— ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಬೇಡ. ಇಂಜೆಕ್ಷನ್ ಪಂಪ್‌ನ ಒಳಗೆ ಉಜ್ಜುವ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆ ತೆಳು, ಆ ಜಿಡ್ಡು ಅದಕ್ಕಿಲ್ಲ. ಪಂಪ್‌ನಲ್ಲಿ ಡೀಸೆಲ್ ಒತ್ತುವ ಪ್ಲಂಜರ್‌ಗೆ ಗೀರು ಬಿದ್ದರೆ ಆ ಖರ್ಚಿನ ಮುಂದೆ ನಾಝಲ್ ಕೆಲಸ ಏನೂ ಅಲ್ಲ.

ಪ್ರಶ್ನೆ: ಎಮಿಷನ್ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಸಿಗುತ್ತದೆಯೇ? ನನ್ನದೂ ಬಿಎಸ್-3 ಪಿಕಪ್.
— ಓದುಗರು, ತಿಪಟೂರು

ಉತ್ತರ: ಒಂದು ವರ್ಷದ ಅವಧಿ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ. ನಿಮ್ಮದಕ್ಕೆ 6 ತಿಂಗಳು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಎಫ್‌ಸಿಗೆ ಹತ್ತು ದಿನ ಮೊದಲೇ ಹೊಗೆ ಪರೀಕ್ಷೆ ಮಾಡಿಸಿಬಿಡಿ, ಫೇಲಾದರೂ ನಾಝಲ್ ಕಳಚಲು ಸಮಯವಿರುತ್ತದೆ.