ಗಂಡನ ಕಡೆ ಸಿಎಸ್‌ಐ, ತವರು ಬ್ರದರನ್: ಕ್ರಿಸ್‌ಮಸ್ ಮಾಡಬೇಕೋ ಬೇಡವೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಬ್ರದರನ್ ಸಭೆಯಲ್ಲಿ (ಪಾದ್ರಿಗಳಿಲ್ಲದೆ ಹಿರಿಯರೇ ನಡೆಸುವ ಪ್ರಾಟೆಸ್ಟಂಟ್ ಸಭೆ) ಬೆಳೆದವರು, ಯಜಮಾನರ ಮನೆಯವರು ತಲೆಮಾರುಗಳಿಂದ ಸಿಎಸ್‌ಐ (ಆಂಗ್ಲಿಕನ್ ಮುಂತಾದ ಪ್ರಾಟೆಸ್ಟಂಟ್ ಸಭೆಗಳು ಸೇರಿ ಆದ ದಕ್ಷಿಣ ಭಾರತ ಸಭೆ), ಮಗುವಿಗೆ ಈಗ ಮೂರು ವರ್ಷ. ತವರಿನವರು "ಅದು ಅನ್ಯಜನರ ಹಬ್ಬ, ಬೈಬಲ್‌ನಲ್ಲೇ ಇಲ್ಲ" ಅಂತಾರೆ. ಅತ್ತೆಮನೆಯವರು "ಕ್ರಿಸ್‌ಮಸ್ ಮಾಡದ ಕ್ರೈಸ್ತರು ಎಲ್ಲಾದರೂ ಇದ್ದಾರಾ" ಅಂತಾರೆ. ಎರಡು ಮಾತೂ ಪೂರ್ತಿ ಸರಿಯಿಲ್ಲ.

ಮೊದಲು ತಾರೀಖಿನ ಜಗಳ ಮುಗಿಸೋಣ. ಯೇಸು ಹುಟ್ಟಿದ ದಿನ ಯಾವ ಸುವಾರ್ತೆಯಲ್ಲೂ ಇಲ್ಲ. ಡಿಸೆಂಬರ್ 25 ಎಂಬ ಬರಹ ಮೊದಲು ಕಾಣುವುದು ರೋಮಿನಲ್ಲಿ 354ರಲ್ಲಿ ತಯಾರಾದ ಒಂದು ಸಂಕಲನದಲ್ಲಿ. ಅದರ ಆ ಭಾಗ 336ರ ಹೊತ್ತಿನದು ಎಂಬುದು ವಿದ್ವಾಂಸರ ಲೆಕ್ಕ. ಅದೇ ಸಂಕಲನದ ಇನ್ನೊಂದು ಪಟ್ಟಿಯಲ್ಲಿ ಅದೇ ದಿನಕ್ಕೆ "ಅಜೇಯನ ಜನ್ಮದಿನ" ಅಂತಿದೆ. ಔರೇಲಿಯನ್ ಚಕ್ರವರ್ತಿ 274ರಲ್ಲಿ ರೋಮಿನಲ್ಲಿ ಗುಡಿ ಕಟ್ಟಿಸಿದ ಸೂರ್ಯದೇವನ ದಿನ ಅದು ಅನ್ನುವುದು ಸಾಮಾನ್ಯ ಓದು. ನಿಮ್ಮ ತವರಿನವರ ವಾದಕ್ಕೆ ಆಧಾರ ಇದೇ. ಆದರೆ ಇನ್ನೊಂದು ವಿವರಣೆಯೂ ಇದೆ: ಕ್ರಿಸ್ತನು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂದು ಹಳೆಯ ಸಭೆಯ ಕೆಲವರು ಎಣಿಸಿದ್ದರು. ಗರ್ಭಧಾರಣೆಯೂ ಅದೇ ದಿನ ಎಂದಿಟ್ಟುಕೊಂಡರೆ ಒಂಬತ್ತು ತಿಂಗಳಿಗೆ ಡಿಸೆಂಬರ್ 25 ಬರುತ್ತದೆ. ಯಾವುದು ಮೊದಲು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ನಂಬಿ ಮನೆಯ ತೀರ್ಮಾನ ಮಾಡಬೇಡಿ.

ನಿಜವಾದ ಪ್ರಶ್ನೆ ಬೇರೆ. ದೇವರು ಆಜ್ಞಾಪಿಸದ ದಿನವನ್ನು ಸಭೆ ಆರಾಧನೆಯ ದಿನವಾಗಿ ಗೊತ್ತುಮಾಡಬಹುದೇ? ಬೈಬಲ್ ಬೇಡವೆನ್ನದಿದ್ದರೆ ಆಗಬಹುದು ಅನ್ನುವುದು ಲೂಥರನ್ನರ, ಆಂಗ್ಲಿಕನ್ನರ ದಾರಿ. ಹೇಳಿದ್ದನ್ನು ಮಾತ್ರ ಮಾಡಬೇಕು ಅನ್ನುವುದು ಪ್ಯೂರಿಟನ್ನರ, ಅಂದರೆ ಕ್ಯಾಲ್ವಿನ್‌ನ ದಾರಿ ಹಿಡಿದ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ, ದಾರಿ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ಅನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಆ ದಿನ ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ ಇತ್ತು. ಸ್ಕಾಟ್ಲೆಂಡಿನಲ್ಲಿ ಅದು ಸಾರ್ವಜನಿಕ ರಜೆ ಆದದ್ದು 1958ರಲ್ಲಿ. ಹಾಗಾಗಿ ನಿಮ್ಮ ಅತ್ತೆಯವರ ಪ್ರಶ್ನೆಗೆ ಉತ್ತರ: ಇದ್ದಾರೆ, ಅದೂ ಬಹಳ ಗಂಭೀರವಾದ ಕ್ರೈಸ್ತರು. ಬ್ರದರನ್ನರ ವಾದವೂ ಇದಕ್ಕೆ ಹತ್ತಿರದ್ದು: ಕರ್ತನು ನೆನಪು ಮಾಡಿಕೊಳ್ಳಿ ಎಂದದ್ದು ತನ್ನ ಮರಣವನ್ನು, ಅದನ್ನು ಭಾನುವಾರದ ರೊಟ್ಟಿ ಮುರಿಯುವ ಕೂಟದಲ್ಲಿ ಮಾಡುತ್ತೇವೆ, ಬೇರೆ ದಿನ ಯಾಕೆ? ಇದನ್ನು ಹಟ ಎಂದು ತಳ್ಳಿಹಾಕುವುದು ಅನ್ಯಾಯ.

ನಿಮ್ಮ ಯಜಮಾನರ ಕಡೆಗೂ ಗಟ್ಟಿ ಆಧಾರ ಉಂಟು. ಎಸ್ತೇರಳ ಪುಸ್ತಕದ 9ನೇ ಅಧ್ಯಾಯದ ಪೂರೀಮ್ ಹಬ್ಬ ಮೋಶೆಯ ಧರ್ಮಶಾಸ್ತ್ರದಲ್ಲಿ ಇಲ್ಲದ್ದು. ಯೋಹಾನ 10:22ರಲ್ಲಿ ಯೇಸು ದೇವಾಲಯದಲ್ಲಿ ತಿರುಗಾಡುತ್ತಿದ್ದದ್ದು ಪ್ರತಿಷ್ಠೆಯ ಹಬ್ಬದ ದಿನ, ಅದೂ ಮೋಶೆ ಕೊಟ್ಟದ್ದಲ್ಲ. ಕ್ಯಾಲ್ವಿನ್ ಪಂಥದವರೆಲ್ಲ ವಿರೋಧಿಗಳೂ ಅಲ್ಲ, 1566ರ ಸ್ವಿಸ್ ವಿಶ್ವಾಸಪ್ರಮಾಣ ಕ್ರಿಸ್ತನ ಜನನದ ದಿನವನ್ನು ಆಚರಿಸುವುದಕ್ಕೆ ಒಪ್ಪಿಗೆ ಕೊಟ್ಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯವರು ಹೆಚ್ಚಾಗಿ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು, ಅವರಿಗೆ ಕ್ರಿಸ್‌ಮಸ್ ಊರಿನಿಂದಲೇ ಬಂದ ಅಭ್ಯಾಸ. ಕರಾವಳಿ, ಧಾರವಾಡದ ಕಡೆಯ ಹಳೇ ಸಿಎಸ್‌ಐ ಮನೆಗಳಿಗೆ ಅದು ಇಳಿದುಬಂದದ್ದು ಅಲ್ಲಿಂದ.

ವಚನಗಳನ್ನು ಎರಡೂ ಕಡೆಯವರು ಎಳೆದಾಡುತ್ತಾರೆ. ಯೆರೆಮೀಯ 10ರಲ್ಲಿ ಕಾಡಿನ ಮರ ಕಡಿದು ಬೆಳ್ಳಿಬಂಗಾರದಿಂದ ಅಲಂಕರಿಸುವುದು ಬರುತ್ತದೆ. ಅದು ಕ್ರಿಸ್‌ಮಸ್ ಟ್ರೀ ಅಲ್ಲ, ಬಡಗಿ ಕೆತ್ತಿದ ವಿಗ್ರಹ. ಮುಂದಿನ ವಚನ ಓದಿದರೆ ಸಾಕು, "ಅವು ಮಾತಾಡಲಾರವು" ಅಂತಿದೆ. ಗಲಾತ್ಯ 4:10 ದಿನಗಳನ್ನು ಆಚರಿಸುವವರನ್ನು ಗದರಿಸುತ್ತದೆ, ಆದರೆ ಅಲ್ಲಿ ವಿಷಯ ರಕ್ಷಣೆಗೆ ಅದು ಬೇಕೇ ಬೇಕು ಎಂದದ್ದು. ನಿಮಗೆ ನೇರವಾಗಿ ತಗಲುವುದು ರೋಮಾಪುರ 14:5-6. ಒಬ್ಬನು ಒಂದು ದಿನವನ್ನು ವಿಶೇಷವೆಂದೆಣಿಸುತ್ತಾನೆ, ಇನ್ನೊಬ್ಬನು ಎಲ್ಲಾ ದಿನಗಳನ್ನೂ ಸಮ ಎನ್ನುತ್ತಾನೆ, ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ. ಅದೇ ಅಧ್ಯಾಯದ 3ನೇ ವಚನವನ್ನೂ ಓದಿ: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು. ಅಲ್ಲಿ ಮಾತು ಊಟದ್ದು, ನ್ಯಾಯ ದಿನಕ್ಕೂ ಅದೇ.

 

ಇನ್ನು ಮಾಡುವುದು ಹೇಗೆ. "ಕ್ರಿಸ್‌ಮಸ್" ಅನ್ನುವ ಒಂದೇ ಗಂಟಿಗೆ ಹೌದು, ಬೇಡ ಅನ್ನಲು ಹೋದರೆ ಜಗಳವೇ. ಗಂಟು ಬಿಚ್ಚಿ. ಒಂದು ಹಾಳೆಯಲ್ಲಿ ಚರ್ಚಿನ ಆರಾಧನೆ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ನಕ್ಷತ್ರ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು), ಟ್ರೀ, ಸಾಂತಾ, ಕ್ಯಾರಲ್ (ಮನೆಮನೆಗೆ ಬಂದು ಹಾಡುವ ಕ್ರಿಸ್‌ಮಸ್ ಹಾಡು), ಕೇಕು, ಹೊಸ ಬಟ್ಟೆ, ನೆರೆಯವರಿಗೆ ತಿಂಡಿ, ಎಲ್ಲ ಬರೆದು, ಇಬ್ಬರೂ ಬೇರೆಬೇರೆಯಾಗಿ "ಮನಸ್ಸಾಕ್ಷಿ ಒಪ್ಪುವುದಿಲ್ಲ" ಮತ್ತು "ಇಷ್ಟವಿಲ್ಲ, ಆದರೆ ಸಹಿಸಬಲ್ಲೆ" ಎಂದು ಗುರುತು ಹಾಕಿ. ಮೊದಲನೆಯ ಗುರುತು ಬಿದ್ದದ್ದನ್ನು ಮನೆಯೊಳಗೆ ಮಾಡಬೇಡಿ, ಎರಡನೆಯದರಲ್ಲಿ ಕೊಟ್ಟುತೆಗೆದುಕೊಳ್ಳಿ. ಸಾಮಾನ್ಯವಾಗಿ ಮೊದಲ ಗುರುತು ಮೂರ್ನಾಲ್ಕಕ್ಕಿಂತ ಹೆಚ್ಚಿಗೆ ಬೀಳುವುದಿಲ್ಲ: ಗೋದಲಿಯ ಬೊಂಬೆ, ಸಾಂತಾ, ದಿನವನ್ನು "ಪರಿಶುದ್ಧ" ಅನ್ನುವುದು.

ಚರ್ಚಿನ ವಿಷಯದಲ್ಲಿ ತೊಡಕಾಗುವುದು ಆರಾಧನೆಯಲ್ಲಲ್ಲ, ಕರ್ತನ ಭೋಜನದಲ್ಲಿ. ಕೆಲವು ಬ್ರದರನ್ ಸಭೆಗಳು ತಮ್ಮವರು ಬೇರೆ ಕಡೆ ಭೋಜನ ತೆಗೆದುಕೊಂಡರೆ ತಕರಾರು ಎತ್ತುತ್ತವೆ, ಕೆಲವು ಎತ್ತುವುದಿಲ್ಲ. ನಿಮ್ಮ ಸಭೆಯ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಬೆಂಚಿನಲ್ಲೇ ಕೂತಿದ್ದು ಹಾಡಿ, ಪ್ರಾರ್ಥಿಸಿ, ಮುಂದೆ ಹೋಗದಿದ್ದರೆ ಸಿಎಸ್‌ಐಯಲ್ಲಿ ಯಾರೂ ಎಬ್ಬಿಸುವುದಿಲ್ಲ. ಡಿಸೆಂಬರ್ 25 ಭಾನುವಾರ ಬೀಳುವುದು ಇನ್ನು 2033ರಲ್ಲಿ. ಆ ವರ್ಷ ಬೆಳಗ್ಗೆ ಎರಡೂ ಕಡೆ ಕೂಟ ಇರುತ್ತದೆ, ಯಾರು ಎಲ್ಲಿಗೆ ಅನ್ನುವುದನ್ನು ಹಿಂದಿನ ವಾರವೇ ಮಾತಾಡಿಕೊಳ್ಳಿ.

ಮನೆಯೊಳಗೆ ಇಬ್ಬರೂ ಒಪ್ಪುವಂಥದ್ದು ಓದು. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ನವೆಂಬರ್ 30ಕ್ಕೆ ಹತ್ತಿರದ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ, ಶುರುವಾಗುತ್ತದೆ. ನಾಲ್ಕು ಭಾನುವಾರ ಸಂಜೆ ಯೆಶಾಯ 9:2-7, ಮೀಕ 5:2-5, ಲೂಕ 1:26-38, ಮತ್ತಾಯ 1:18-25 ಓದಿ, 24ರ ರಾತ್ರಿ ಲೂಕ 2:1-20. ಒಂದೊಂದೂ ನಾಲ್ಕೈದು ನಿಮಿಷ, ಮೂರು ವರ್ಷದ ಮಗು ಅದಕ್ಕಿಂತ ಹೆಚ್ಚು ಕೂರುವುದಿಲ್ಲ. ಜ್ಞಾನಿಗಳು ಎಷ್ಟು ಮಂದಿ ಎಂದು ಮತ್ತಾಯ ಹೇಳಿಲ್ಲ, ಅವರು ಬಂದದ್ದು "ಮನೆ"ಗೆ. ಇಂಥದ್ದನ್ನು ವಚನದಲ್ಲಿದ್ದ ಹಾಗೇ ಹೇಳಿಕೊಟ್ಟರೆ ತವರಿನವರಿಗೆ ಖುಷಿಯಾದೀತು.

ಗೋದಲಿಗೆ ಮನಸ್ಸು ಒಪ್ಪದಿದ್ದರೆ ನಕ್ಷತ್ರ ಮಾತ್ರ ತೂಗಿಹಾಕಿ. ಕಾಗದದ ನಕ್ಷತ್ರಕ್ಕೆ ಐದು ವ್ಯಾಟಿನ ಎಲ್‌ಇಡಿ ಸಾಕು, ಹಳೆಯ ಬಲ್ಬು ಹಾಕಿದರೆ ಕಾಗದ ಕರಕಲಾಗುತ್ತದೆ. ಗೋದಲಿ ಇಡುವುದಾದರೆ ಅದರ ಮುಂದೆ ದೀಪ, ಹೂವು, ಅಗರಬತ್ತಿ ಬೇಡ. ಬೊಂಬೆ ಕಥೆ ಹೇಳಲು ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ. ಗೋದಲಿಗೆ ಹುಲ್ಲು ಬೆಳೆಸುವ ಕೆಲಸವನ್ನು ಮಗುವಿಗೆ ಕೊಡಿ. ಒಂದು ಹಿಡಿ ರಾಗಿಯನ್ನು ಡಿಸೆಂಬರ್ 13ರ ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಇಣುಕಿದ ಮೇಲೆ ಒಂದಂಗುಲ ಮಣ್ಣು ಹಾಕಿದ ತಟ್ಟೆಯಲ್ಲಿ ಚೆಲ್ಲಿ, ಎರಡು ದಿನ ಒದ್ದೆ ಪೇಪರ್ ಮುಚ್ಚಿಡಿ. ಆಮೇಲೆ ಕಿಟಕಿಯ ಬೆಳಕು. ನೀರು ಸುರಿಯಬೇಡಿ, ಚಿಮುಕಿಸಿ. ಹೆಚ್ಚಾದರೆ ಬುಡದಲ್ಲಿ ಬೂಷ್ಟು ಬಂದು ಇಡೀ ತಟ್ಟೆ ನಾರುತ್ತದೆ. ತಿಂಗಳ ಮೊದಲ ವಾರವೇ ಬಿತ್ತಿದರೆ 24ಕ್ಕೆ ಉದ್ದವಾಗಿ ಮಲಗಿಬಿಡುತ್ತದೆ. ಬೆಂಗಳೂರಿನ ಚಳಿಗೆ ಒಂದೆರಡು ದಿನ ಮುಂಚೆ ಚೆಲ್ಲಿದರೂ ಸರಿ.

ಕೇಕಿನಲ್ಲಿ ಜಗಳ ರಮ್ಮಿನದ್ದು. ಬೇಯಿಸಿದರೆ ಮದ್ಯವೆಲ್ಲ ಆರಿಹೋಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿಯುತ್ತದೆ. ರಮ್ ಬಿಡುವುದಾದರೆ ಅರ್ಧ ಕಿಲೋ ಒಣಹಣ್ಣಿಗೆ 250 ಮಿಲಿ ಕಿತ್ತಳೆ ರಸ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿ, ಆರಿದ ಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ರಮ್ಮಿನ ಹಾಗೆ ವಾರಗಟ್ಟಲೆ ಇಟ್ಟರೆ ರಸ ಹುಳಿಯಾಗುತ್ತದೆ. ಉಳಿದ ರಸ ಬಸಿದು, ಹಣ್ಣಿಗೆ ಎರಡು ಚಮಚ ಮೈದಾ ಸವರಿ ಹಿಟ್ಟಿಗೆ ಸೇರಿಸಿ. ಬಸಿಯದಿದ್ದರೆ ಕೇಕಿನ ನಡು ಕುಸಿಯುತ್ತದೆ. ಈ ಕೇಕು ಹೊರಗೆ ಮೂರ್ನಾಲ್ಕು ದಿನ ಮಾತ್ರ ತಾಳುತ್ತದೆ, ಹಾಗಾಗಿ 23ಕ್ಕೆ ಮಾಡಿ. ದೀಪಾವಳಿಗೆ ತಿಂಡಿ ಕೊಟ್ಟ ನೆರೆಯವರಿಗೆ ಇದನ್ನೇ ಕೊಡಿ, ಅದಕ್ಕೆ ಯಾವ ಸಿದ್ಧಾಂತವೂ ಅಡ್ಡ ಬರುವುದಿಲ್ಲ.

ಸಾಂತಾ ಬೇಡವೆಂದರೆ ನಾಲ್ಕನೇ ಶತಮಾನದ ಮೈರಾ ಊರಿನ ಬಿಷಪ್ ನಿಕೊಲಾಸರ ಹೆಸರಿನಿಂದ ಬಂದ ವೇಷ ಅದು ಎಂದು ಮಗುವಿಗೆ ಹೇಳಿ. ಬೇರೆ ಮಕ್ಕಳ ಮುಂದೆ "ಸಾಂತಾ ಸುಳ್ಳು" ಅನ್ನಬಾರದು ಅಂತಲೂ ಹೇಳಿಕೊಡಿ, ಎಲ್‌ಕೆಜಿಯಲ್ಲಿ ರಂಪ ಆಗುವುದು ಅಲ್ಲೇ. ಕ್ಯಾರಲ್ ತಂಡ ಬರುವ ರಾತ್ರಿ ಯಾವುದು ಎಂದು ಸಭಾಪಾಲಕರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ, ಅದೇ ರಾತ್ರಿ ನಿಮ್ಮ ಅಪ್ಪ ಅಮ್ಮ ಮನೆಯಲ್ಲಿದ್ದರೆ ಇಬ್ಬರಿಗೂ ಇರುಸುಮುರುಸು.

ಇದೆಲ್ಲವನ್ನೂ ಅಕ್ಟೋಬರ್‌ನಲ್ಲೇ ಕೂತು ತೀರ್ಮಾನಿಸಿ, ತವರಿಗೆ ನೀವೇ ಫೋನ್ ಮಾಡಿ, ಅತ್ತೆಮನೆಗೆ ಯಜಮಾನರೇ ಹೇಳಲಿ. ನಕ್ಷತ್ರ ಹಾಕಿದ ಸುದ್ದಿ ನಿಮ್ಮ ಅಮ್ಮನಿಗೆ ಯಾರದೋ ವಾಟ್ಸಾಪ್ ಸ್ಟೇಟಸ್‌ನಿಂದ ತಿಳಿಯಬಾರದು.