ಫೋನಿಗೆ 90, ಲ್ಯಾಪ್‌ಟಾಪಿಗೆ 18: ಒಂದೇ ವೈಫೈನಲ್ಲಿ ಯಾಕೆ ಈ ಭೇದ?

100 ಎಂಬಿಪಿಎಸ್ ಪ್ಲಾನ್ ಇದೆ, ಒಂದೇ ಕೋಣೆಯಲ್ಲಿ ಕೂತು ನೋಡಿದರೆ ಫೋನಿನಲ್ಲಿ 90 ಬರುತ್ತದೆ, ಲ್ಯಾಪ್‌ಟಾಪಿನಲ್ಲಿ 18 ದಾಟುವುದಿಲ್ಲ, ಹೊಸ ರೂಟರ್ ತರಬೇಕಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಫೋನಿಗೆ 90 ಬರುತ್ತಿದೆ ಅಂದರೆ ಹೊರಗಿನಿಂದ ಬರುವ ಲೈನ್ ಸರಿ ಇದೆ, ರೂಟರ್ ಕೂಡ ಹೆಚ್ಚುಕಡಿಮೆ ಸರಿ ಇದೆ. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಜಗಳ ಆಡಿಯೂ ಪ್ರಯೋಜನವಿಲ್ಲ. ತೊಂದರೆ ಇರುವುದು ರೂಟರಿಗೂ ಲ್ಯಾಪ್‌ಟಾಪಿಗೂ ನಡುವಿನ ಆ ಹತ್ತು ಅಡಿಯಲ್ಲಿ, ಇಲ್ಲವೇ ಲ್ಯಾಪ್‌ಟಾಪಿನೊಳಗೇ.

ಸ್ಪೀಡ್ ಟೆಸ್ಟನ್ನು ಸ್ವಲ್ಪ ಪಕ್ಕಕ್ಕಿಡಿ. ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆಯಿರಿ. ಕೆಳಗೆ ಇಳಿದರೆ ಪ್ರೋಟೋಕಾಲ್, ನೆಟ್‌ವರ್ಕ್ ಬ್ಯಾಂಡ್, ಲಿಂಕ್ ಸ್ಪೀಡ್ ಅಂತ ಮೂರು ಸಾಲು ಸಿಗುತ್ತವೆ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಲಿಂಕ್ ಸ್ಪೀಡ್ ಅಂದರೆ ರೂಟರೂ ಲ್ಯಾಪ್‌ಟಾಪೂ ತಮ್ಮೊಳಗೆ ಒಪ್ಪಿಕೊಂಡ ವೇಗ. ಕೈಗೆ ಸಿಗುವುದು ಸುಮಾರು ಅದರ ಅರ್ಧ, ಸುತ್ತ ಸಿಗ್ನಲ್ಲಿಗೆ ಅಡ್ಡಿ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ.

ಬ್ಯಾಂಡ್ ಅಂದರೆ ವೈಫೈ ಓಡುವ ರೇಡಿಯೋ ದಾರಿ, ಸಾಮಾನ್ಯವಾಗಿ 2.4 ಅಥವಾ 5 ಗಿಗಾಹರ್ಟ್ಸ್. ಬ್ಯಾಂಡ್ 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ 72 ಅಂತ ಇದ್ದರೆ ಆಶ್ಚರ್ಯಪಡಬೇಡಿ. ನಿಮ್ಮ ಲೆಕ್ಕ ನೋಡಿದರೆ ನನ್ನ ಅನುಮಾನ ಅದೇ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ಆ ದಾರಿಯೊಳಗಿನ ಓಣಿಗಳು, ಮೂರೇ: 1, 6, 11. ವಠಾರದಲ್ಲೋ ಅಪಾರ್ಟ್‌ಮೆಂಟಿನಲ್ಲೋ ಇದ್ದರೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲಾ ಈ ಮೂರರಲ್ಲೇ ನುಗ್ಗಾಡುತ್ತಿರುತ್ತವೆ. ಸಾಲದ್ದಕ್ಕೆ ಮೈಕ್ರೋವೇವ್ ಒಲೆ ಮತ್ತು ಬ್ಲೂಟೂತ್ ಕೂಡ ಅಲ್ಲೇ. ಒಮ್ಮೆ ಬ್ಲೂಟೂತ್ ಇಯರ್‌ಫೋನ್ ಆಫ್ ಮಾಡಿ ಟೆಸ್ಟ್ ಮಾಡಿ ನೋಡಿ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಅದನ್ನೂ ಕಿತ್ತು ನೋಡಿ, ಅದರ ಕೇಬಲ್ಲಿನಿಂದ ಹೊರಡುವ ರೇಡಿಯೋ ಗದ್ದಲ ಸರಿಯಾಗಿ 2.4ರ ಮೇಲೇ ಬೀಳುತ್ತದೆ.

ನಿಮ್ಮ ಫೋನ್ ಬಹುಶಃ 5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ. (ಇದು ಮೊಬೈಲಿನ 5ಜಿ ಅಲ್ಲ. ನಮ್ಮ ಮಾವನವರಿಗೆ ಇದನ್ನು ಮೂರು ಸಲ ಹೇಳಿದ್ದೇನೆ.) ರೂಟರಿನಲ್ಲಿ 2.4, 5 ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಲ್ಯಾಪ್‌ಟಾಪ್ 2.4ಕ್ಕೇ ಅಂಟಿಕೊಂಡು ಕೂರುವುದುಂಟು. ರೂಟರ್ ಸೆಟ್ಟಿಂಗಿಗೆ ಹೋಗಿ 5ಕ್ಕೆ ಬೇರೆ ಹೆಸರು ಕೊಟ್ಟು, ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿ. ಒಳಹೋಗುವ ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ತಳದ ಸ್ಟಿಕ್ಕರಿನಲ್ಲಿರುತ್ತವೆ. ಆ ಹೊಸ ಹೆಸರು ಫೋನಿಗೆ ಕಂಡು ಲ್ಯಾಪ್‌ಟಾಪಿಗೆ ಕಾಣದೇ ಹೋದರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಹೆಸರು ನೋಡಿ. ಎಸಿ (AC), ಎಎಕ್ಸ್ (AX) ಅಥವಾ ಡ್ಯುಯಲ್ ಬ್ಯಾಂಡ್ ಅಂತ ಇದ್ದರೆ ಅದಕ್ಕೆ 5 ಬರುತ್ತದೆ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಬರೀ ಬಿ/ಜಿ/ಎನ್ (b/g/n) ಅಂತ ಇದ್ದರೆ ಬಹುತೇಕ ಬರುವುದಿಲ್ಲ. ಆಗ ಡ್ಯುಯಲ್ ಬ್ಯಾಂಡ್ ಯುಎಸ್‌ಬಿ ಡಾಂಗಲ್ ಒಂದು ಸಾಕು. ಹೊಸ ರೂಟರಿಗಿಂತ ಅಗ್ಗ.

ಇನ್ನು ಬ್ಯಾಂಡ್ 5 ಇದ್ದೂ ನಿಧಾನ ಅಂದರೆ? ಅದು ನನಗೇ ಆಗಿತ್ತು. ಲ್ಯಾಪ್‌ಟಾಪಿನ ಕೀಬೋರ್ಡ್ ಹಾಳಾಗಿ ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದ ಮೇಲೆ ವೈಫೈ ಕುಂಟತೊಡಗಿತು. ಮೊದಲು 866 ತೋರಿಸುತ್ತಿದ್ದ ಲಿಂಕ್ ಸ್ಪೀಡ್ ಕೂತಲ್ಲೇ 50ಕ್ಕೆ ಇಳಿಯುತ್ತಿತ್ತು, ಏರುತ್ತಿತ್ತು. ಅಡುಗೆಮನೆಗೆ ಒಯ್ದರೆ ಕಟ್. ಅಂಗಡಿಯವರನ್ನು ಕೇಳಿದರೆ "ವಿಂಡೋಸ್ ಪ್ರಾಬ್ಲಮ್ ಸಾರ್, ಫಾರ್ಮ್ಯಾಟ್ ಮಾಡ್ಸಿ" ಅಂದರು. ಮಾಡಿಸಿದೆ. ಒಂದು ಭಾನುವಾರ ಪೂರ್ತಿ ಹೋಯಿತು, ಏನೂ ಬದಲಾಗಲಿಲ್ಲ.

ಕೊನೆಗೆ ಹಿಂದಿನ ಮುಚ್ಚಳ ಬಿಚ್ಚಿದೆ. ವೈಫೈ ಕಾರ್ಡ್ ಅಂದರೆ ಅಂಚೆಚೀಟಿಯಷ್ಟು ಹಸಿರು ತುಂಡು. ಅದಕ್ಕೆ ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ, ಎರಡು ಸಣ್ಣ ವೈರ್ ಬರಬೇಕು. ಪರದೆಯ ಚೌಕಟ್ಟಿನೊಳಗಿರುವ ಆಂಟೆನಾದಿಂದ ಬರುವ ವೈರ್‌ಗಳು ಅವು. ಕಪ್ಪು ಕೂತಿತ್ತು. ಬಿಳಿಯದು ಮಡಚಿಕೊಂಡು ಬ್ಯಾಟರಿ ಪಕ್ಕ ಮಲಗಿತ್ತು. ಸಾಸಿವೆ ಕಾಳಿನಷ್ಟು ಚಿನ್ನದ ಬಣ್ಣದ ತುದಿ. ಬ್ಲೌಸಿನ ಟಿಚ್ ಬಟನ್ ಇರುತ್ತದಲ್ಲ, ಹಾಗೇ ಅದನ್ನು ಕಾರ್ಡಿನ ಗುಬುಟಿನ ಮೇಲೆ ನೇರವಾಗಿ ಇಟ್ಟು ಒತ್ತಬೇಕು. ಓರೆಯಾಗಿ ಒತ್ತಿದರೆ ತುದಿಯೇ ಹಾಳು. ಮೂರನೇ ಸಲಕ್ಕೆ "ಟಕ್" ಅಂತ ಕೂತಿತು. ಆನ್ ಮಾಡಿದರೆ 866. ನಿಮ್ಮ ಲ್ಯಾಪ್‌ಟಾಪ್ ಇತ್ತೀಚೆಗೆ ರಿಪೇರಿಗೆ ಹೋಗಿತ್ತಾ? ಹೋಗಿದ್ದರೆ ಇದನ್ನೇ ಮೊದಲು ನೋಡಿ. ವಾರಂಟಿ ಇದ್ದರೆ ಮಾತ್ರ ನೀವೇ ಬಿಚ್ಚಬೇಡಿ. ಬಿಚ್ಚುವುದಾದರೆ ಬೇರೆ ಯಾವುದನ್ನೂ ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ.

ಇನ್ನೊಂದು ಸಣ್ಣದು. ಚಾರ್ಜರ್ ಹಾಕಿದಾಗ ಸರಿ, ತೆಗೆದರೆ ನಿಧಾನ ಅಂತಾದರೆ ಅದು ಪವರ್ ಸೇವಿಂಗ್ ಆಟ. ಪವರ್ ಸೆಟ್ಟಿಂಗಿನಲ್ಲಿ ವೈರ್‌ಲೆಸ್ ಅಡಾಪ್ಟರನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಹಾಕಿ. ಹಿನ್ನೆಲೆಯಲ್ಲಿ ಸುಮ್ನೆ ಯಾವುದಾದರೂ ಅಪ್‌ಡೇಟ್ ಇಳಿಯುತ್ತಿದೆಯಾ ಅಂತ ಟಾಸ್ಕ್ ಮ್ಯಾನೇಜರಿನಲ್ಲೂ ಒಮ್ಮೆ ಇಣುಕಿ.

ಆ ಮೂರು ಸಾಲು ಮತ್ತು ವೈಫೈ ಕಾರ್ಡಿನ ಹೆಸರು ಇಲ್ಲೇ ಕೆಳಗೆ ಬರೆಯಿರಿ, ಮುಂದಿನದು ಹೇಳುತ್ತೇನೆ.